ಖರೀದಿಸಿದ ಮೈಕ್ರೋಕಂಟ್ರೋಲರ್ ಚಿಪ್ ಅಸಲಿಯೋ ನಕಲಿಯೋ: ಗ್ರಾಹಕರು ಅನುಸರಿಸಬೇಕಾದ ಪರಿಶೀಲನಾ ಕ್ರಮ

1. ಪೀಠಿಕೆ

ಪಂಪ್‌ಸೆಟ್‌ನ ಸ್ವಯಂಚಾಲಿತ ಸ್ಟಾರ್ಟರ್, ತೊಟ್ಟಿಯ ನೀರಿನ ಮಟ್ಟ ತೋರಿಸುವ ಸಾಧನ, ತೂಕದ ಯಂತ್ರ, ಇನ್ವರ್ಟರ್ ಮುಂತಾದ ಉಪಕರಣಗಳ ಒಳಗೆ ಆದೇಶಗಳನ್ನು ನೆನಪಿನಲ್ಲಿಟ್ಟುಕೊಂಡು ಅವುಗಳಂತೆ ಕೆಲಸ ನಡೆಸುವ ಚಿಕ್ಕ ಗಣಕಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ರಿಪೇರಿ ಕೆಲಸಗಾರರು, ಸಣ್ಣ ಕೈಗಾರಿಕಾ ಘಟಕಗಳ ಮಾಲೀಕರು ಹಾಗೂ ಹವ್ಯಾಸಿಗಳು ಈ ಚಿಪ್‌ಗಳನ್ನು ಬಿಡಿಭಾಗಗಳ ಅಂಗಡಿಗಳಲ್ಲಿ ಅಥವಾ ಅಂತರ್ಜಾಲ ಮಾರಾಟ ತಾಣಗಳಲ್ಲಿ ಬಿಡಿಯಾಗಿ ಖರೀದಿಸುವುದು ಸಾಮಾನ್ಯವಾಗಿದೆ.

ಹೀಗೆ ಖರೀದಿಸಿದ ಚಿಪ್ ನಕಲಿಯಾಗಿದ್ದಲ್ಲಿ ನಷ್ಟವು ಚಿಪ್‌ನ ಬೆಲೆಗೆ ಸೀಮಿತವಾಗುವುದಿಲ್ಲ. ವಿದ್ಯಾರ್ಥಿಯ ಪ್ರಾಜೆಕ್ಟ್ ಪರೀಕ್ಷೆಯ ದಿನ ನಿಂತುಹೋಗಬಹುದು. ಘಟಕವೊಂದು ಸರಬರಾಜು ಮಾಡಿದ ಉಪಕರಣಗಳೆಲ್ಲವೂ ಹಿಂದಿರುಗಿ ಬರಬಹುದು. ತೊಟ್ಟಿ ತುಂಬಿದ ಮೇಲೂ ಪಂಪು ನಿಲ್ಲದೆ ಮೋಟಾರು ಸುಟ್ಟುಹೋಗಬಹುದು. ಆದಾಗ್ಯೂ ಅನೇಕ ಗ್ರಾಹಕರು ಬಿಲ್ಲು ಪಡೆಯದಿರುವುದರಿಂದ, ಅಥವಾ ಪರೀಕ್ಷಿಸುವ ಭರದಲ್ಲಿ ಇದ್ದ ಚಿಪ್‌ಗಳೆಲ್ಲವನ್ನೂ ಕೆಡಿಸಿಕೊಳ್ಳುವುದರಿಂದ, ಸತ್ಯಾಂಶ ತಿಳಿದಿದ್ದರೂ ಪರಿಹಾರ ಪಡೆಯಲು ಸಾಧ್ಯವಾಗುವುದಿಲ್ಲ.

ಆದುದರಿಂದ ಚಿಪ್‌ಅನ್ನು ಯಾವ ಕ್ರಮದಲ್ಲಿ ಪರಿಶೀಲಿಸಬೇಕು, ಯಾವ ಸಾಕ್ಷ್ಯವನ್ನು ಉಳಿಸಿಕೊಳ್ಳಬೇಕು ಮತ್ತು ನಕಲಿ ಎಂದು ಕಂಡುಬಂದಲ್ಲಿ ಎಲ್ಲಿ ದೂರು ಸಲ್ಲಿಸಬೇಕು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ನಕಲಿ ಚಿಪ್ ಎಂದರೇನು

ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಕಲಂ 2(43)ರ ಪ್ರಕಾರ ಅಸಲಿ ಎಂದು ಸುಳ್ಳಾಗಿ ಹೇಳಿಕೊಳ್ಳಲಾದ ಸರಕು ನಕಲಿ ಸರಕಾಗುತ್ತದೆ. ಚಿಪ್‌ಗಳ ವಿಷಯದಲ್ಲಿ ಇದು ಮುಖ್ಯವಾಗಿ ಈ ಕೆಳಕಂಡ ರೂಪಗಳಲ್ಲಿ ಕಂಡುಬರುತ್ತದೆ.

(ಅ) ಹೆಸರು ಬದಲಿಸಿದ ಚಿಪ್: ಕಡಿಮೆ ಸಾಮರ್ಥ್ಯದ ಅಥವಾ ಬೇರೆಯೇ ಆದ ಚಿಪ್‌ನ ಮೇಲ್ಮೈಯನ್ನು ಉಜ್ಜಿ, ಮೂಲ ಬರಹವನ್ನು ಅಳಿಸಿ, ಹೆಚ್ಚಿನ ಬೆಲೆಯ ಚಿಪ್‌ನ ಹೆಸರನ್ನು ಮುದ್ರಿಸಿರುವುದು.

(ಆ) ಬಳಸಿದ ಚಿಪ್: ಹಳೆಯ ಬೋರ್ಡುಗಳಿಂದ ಕಾಯಿಸಿ ಕಿತ್ತು, ಕಾಲುಗಳನ್ನು ನೇರಮಾಡಿ, ಮತ್ತೆ ತವರ ಲೇಪಿಸಿ ಹೊಸದೆಂದು ಮಾರಲಾಗುವುದು. ಚಿಪ್ ಮೂಲ ತಯಾರಕರದ್ದೇ ಆಗಿದ್ದರೂ ಹೊಸದೆಂಬ ಹೇಳಿಕೆ ಸುಳ್ಳಾಗಿರುತ್ತದೆ.

(ಇ) ಅನ್ಯ ತಯಾರಕರ ಚಿಪ್: ಬೇರೊಬ್ಬರು ತಯಾರಿಸಿದ ಹೊಂದಾಣಿಕೆಯ ಚಿಪ್‌ನ ಮೇಲೆ ಪ್ರಸಿದ್ಧ ತಯಾರಕರ ಹೆಸರು ಮತ್ತು ಲಾಂಛನ ಹಾಕಿರುವುದು.

(ಈ) ತಿರಸ್ಕೃತ ಅಥವಾ ಖಾಲಿ ಚಿಪ್: ಕಾರ್ಖಾನೆಯ ಪರೀಕ್ಷೆಯಲ್ಲಿ ಅನುತ್ತೀರ್ಣಗೊಂಡ ಚಿಪ್, ಅಥವಾ ಒಳಗೆ ಸಿಲಿಕಾನ್ ತುಣುಕೇ ಇಲ್ಲದ ಹೊರಕವಚ.

ಹೊಂದಾಣಿಕೆಯ ಚಿಪ್‌ಅನ್ನು ಅದರ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರಿದಲ್ಲಿ ಅದು ನಕಲಿಯಲ್ಲ ಎಂಬುದನ್ನು ಗ್ರಾಹಕರು ಗಮನಿಸತಕ್ಕದ್ದು. ಉದಾಹರಣೆಗೆ, ಎಟಿಮೆಗಾ328ಪಿ ಚಿಪ್‌ಗೆ ಹೋಲುವ ಎಲ್‌ಜಿಟಿ8ಎಫ್328ಪಿ ಹಾಗೂ ಎಸ್‌ಟಿಎಂ32ಎಫ್103 ಚಿಪ್‌ಗೆ ಹೋಲುವ ಜಿಡಿ32ಎಫ್103 ತಮ್ಮದೇ ಹೆಸರಿನ ಚಿಪ್‌ಗಳಾಗಿವೆ. ಅವುಗಳ ಮೇಲೆ ಇನ್ನೊಬ್ಬರ ಹೆಸರನ್ನು ಮುದ್ರಿಸಿ ಮಾರಿದಾಗ ಮಾತ್ರ ಗ್ರಾಹಕರಿಗೆ ವಂಚನೆಯಾಗುತ್ತದೆ.

3. ಸಮಸ್ಯೆಯ ಹಿನ್ನೆಲೆ

ಅಮೆರಿಕದ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿಯು 2012ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಲ್ಲಿನ ರಕ್ಷಣಾ ಸರಬರಾಜಿನಲ್ಲಿ ನಕಲಿ ಎಂದು ಶಂಕಿಸಲಾದ ಎಲೆಕ್ಟ್ರಾನಿಕ್ ಭಾಗಗಳ ಸುಮಾರು 1,800 ಪ್ರಕರಣಗಳನ್ನು ಗುರುತಿಸಿತು. ಅವುಗಳಲ್ಲಿ ಸೇರಿದ್ದ ಭಾಗಗಳ ಒಟ್ಟು ಸಂಖ್ಯೆ 10 ಲಕ್ಷಕ್ಕೂ ಅಧಿಕವಾಗಿತ್ತು. ರಕ್ಷಣಾ ಖರೀದಿಯಂತಹ ಬಿಗಿ ವ್ಯವಸ್ಥೆಯನ್ನೇ ದಾಟಿ ಬರುವ ನಕಲಿ ಭಾಗಗಳು ಚಿಲ್ಲರೆ ಮಾರುಕಟ್ಟೆಗೆ ಬರುವುದು ಕಷ್ಟವೇನಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಗುಯಿಯು ಪಟ್ಟಣವು ಎಲೆಕ್ಟ್ರಾನಿಕ್ ತ್ಯಾಜ್ಯದಿಂದ ಚಿಪ್‌ಗಳನ್ನು ಬೇರ್ಪಡಿಸುವ ಕೆಲಸಕ್ಕೆ ಬಹುಕಾಲ ಹೆಸರಾಗಿತ್ತು. 2020ರ ನಂತರದ ಎರಡು ಮೂರು ವರ್ಷಗಳಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಉಂಟಾದಾಗ, ಅಧಿಕೃತ ವಿತರಕರಲ್ಲಿ ದಾಸ್ತಾನಿಲ್ಲದೆ ಅನೇಕರು ಅಪರಿಚಿತ ಮಾರಾಟಗಾರರಿಂದ ಖರೀದಿಸಬೇಕಾಯಿತು. ಇದರಿಂದ ನಕಲಿ ಚಿಪ್‌ಗಳಿಗೆ ಅವಕಾಶ ಹೆಚ್ಚಿತು.

ನಕಲಿ ಎಂದು ತಿಳಿಯದೆ ಕೊಂಡವರೇ ಕೊನೆಗೆ ತೊಂದರೆಗೊಳಗಾಗುತ್ತಾರೆ ಎಂಬುದಕ್ಕೆ 2014ರ ಅಕ್ಟೋಬರ್ ತಿಂಗಳಿನ ಸಂಗತಿ ನಿದರ್ಶನವಾಗಿದೆ. ಮೈಕ್ರೋಕಂಟ್ರೋಲರ್ ಬೋರ್ಡನ್ನು ಗಣಕಯಂತ್ರದ ಯುಎಸ್‌ಬಿ ಕಿಂಡಿಗೆ ಜೋಡಿಸಲು ಬಳಸುವ ಎಫ್‌ಟಿ232ಆರ್‌ಎಲ್ ಎಂಬ ಚಿಪ್‌ಗೆ ನಕಲಿಗಳು ಹೆಚ್ಚಾಗಿದ್ದವು. ಮೂಲ ತಯಾರಕರಾದ ಎಫ್‌ಟಿಡಿಐ ಸಂಸ್ಥೆಯ ಹೊಸ ಚಾಲಕ ತಂತ್ರಾಂಶವು ವಿಂಡೋಸ್ ನವೀಕರಣದ ಮೂಲಕ ಬಂದು, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆಗೆ ಬದಲಿಸಿತು. ಅದುವರೆಗೆ ಕೆಲಸ ಮಾಡುತ್ತಿದ್ದ ಉಪಕರಣಗಳು ಗಣಕಯಂತ್ರಕ್ಕೆ ಅಪರಿಚಿತವಾದವು. ಟೀಕೆಗಳ ನಂತರ ಸದರಿ ತಂತ್ರಾಂಶವನ್ನು ಹಿಂಪಡೆಯಲಾಯಿತು. ನಕಲಿ ಚಿಪ್ ಇಂದು ಕೆಲಸ ಮಾಡುತ್ತಿದೆ ಎಂಬ ಮಾತ್ರಕ್ಕೆ ಚಿಂತೆಯಿಲ್ಲವೆಂದು ಭಾವಿಸುವುದು ಸರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

4. ಪರೀಕ್ಷೆಗೆ ಮುನ್ನ ವಹಿಸಬೇಕಾದ ಎಚ್ಚರಿಕೆ

(1) ಖರೀದಿಸಿದ ಎಲ್ಲ ಚಿಪ್‌ಗಳನ್ನೂ ಒಮ್ಮೆಲೇ ಪರೀಕ್ಷೆಗೆ ಒಳಪಡಿಸಬಾರದು. ಸಾಧ್ಯವಿದ್ದಷ್ಟು ಚಿಪ್‌ಗಳನ್ನು ಬಂದ ಸ್ಥಿತಿಯಲ್ಲಿಯೇ, ಬಂದ ಲಕೋಟೆ ಅಥವಾ ಕೊಳವೆಯಲ್ಲಿಯೇ ಪ್ರತ್ಯೇಕವಾಗಿ ತೆಗೆದಿರಿಸತಕ್ಕದ್ದು. ದೂರು ದಾಖಲಾದಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಲು ಇವೇ ಮಾದರಿಗಳಾಗುತ್ತವೆ.

(2) ಲಕೋಟೆ ತೆರೆಯುವ ಮುನ್ನ ಚೀಟಿ, ಬಾರ್‌ಕೋಡ್ ಮತ್ತು ವಿಳಾಸದ ಭಾಗದ ಛಾಯಾಚಿತ್ರ ತೆಗೆದುಕೊಳ್ಳುವುದು. ನಂತರ ಚಿಪ್‌ನ ಮೇಲ್ಭಾಗ, ತಳಭಾಗ ಹಾಗೂ ಕಾಲುಗಳ ಸ್ಪಷ್ಟ ಚಿತ್ರಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳುವುದು.

(3) ಬಿಲ್ಲನ್ನು ಕೇಳಿ ಪಡೆಯತಕ್ಕದ್ದು. ಸರಕು ಮತ್ತು ಸೇವಾ ತೆರಿಗೆ ನಿಯಮಗಳಂತೆ, ನೋಂದಾಯಿತರಲ್ಲದ ಗ್ರಾಹಕರು 200 ರೂಪಾಯಿಗಿಂತ ಕಡಿಮೆ ಮೌಲ್ಯದ ಸರಕು ಕೊಂಡಾಗ, ಅವರು ಕೇಳದಿದ್ದಲ್ಲಿ, ವ್ಯಾಪಾರಿಯು ಪ್ರತ್ಯೇಕ ತೆರಿಗೆ ಬಿಲ್ಲು ನೀಡಬೇಕಾಗಿಲ್ಲ. ಒಂದು ಚಿಪ್‌ನ ಬೆಲೆ ಅನೇಕ ವೇಳೆ ಈ ಮಿತಿಯೊಳಗೇ ಇರುವುದರಿಂದ, ಕೇಳದೆ ಬಿಲ್ಲು ಬರುವುದೆಂದು ಭಾವಿಸಬಾರದು. ಬಿಲ್ಲಿನಲ್ಲಿ ‘ಐಸಿ – 1’ ಎಂಬಂತೆ ಬರೆಯದೆ ಚಿಪ್‌ನ ಪೂರ್ಣ ಸಂಖ್ಯೆಯನ್ನು ನಮೂದಿಸುವಂತೆ ಕೋರುವುದು. ಯಾವ ಚಿಪ್ ಎಂದು ಹೇಳಿ ಮಾರಲಾಯಿತು ಎಂಬುದಕ್ಕೆ ಆ ಒಂದು ಸಾಲೇ ಆಧಾರವಾಗುತ್ತದೆ.

5. ಮೊದಲನೆಯ ಹಂತ: ದಾಖಲೆ ಮತ್ತು ಬೆಲೆಯ ಪರಿಶೀಲನೆ

ತಯಾರಕರ ಜಾಲತಾಣದಲ್ಲಿ ಅಧಿಕೃತ ವಿತರಕರ ಪಟ್ಟಿ ದೊರೆಯುತ್ತದೆ. ಮಾರಾಟಗಾರರು ಆ ಪಟ್ಟಿಯಲ್ಲಿ ಇಲ್ಲದಿದ್ದ ಮಾತ್ರಕ್ಕೆ ಸರಕು ನಕಲಿ ಎಂದು ಅರ್ಥವಲ್ಲ. ಚಿಲ್ಲರೆ ಅಂಗಡಿಯವರು ಅಧಿಕೃತ ವಿತರಕರಿಂದಲೇ ತಂದಿರಬಹುದು. ಅಂತಹ ಸಂದರ್ಭದಲ್ಲಿ ಅವರು ಯಾರಿಂದ ಖರೀದಿಸಿದರೆಂದು ವಿಚಾರಿಸುವುದು ಗ್ರಾಹಕರ ಹಕ್ಕು. ಅಧಿಕೃತ ವಿತರಕರ ಬಿಡಿ ಬೆಲೆಗಿಂತ ಬಹಳಷ್ಟು ಕಡಿಮೆ ಬೆಲೆಗೆ ದೊರೆತ ಚಿಪ್‌ನ ಬಗ್ಗೆ ಹೆಚ್ಚಿನ ಪರಿಶೀಲನೆ ಅಗತ್ಯ. ಎಲ್ಲೆಡೆ ದಾಸ್ತಾನು ಮುಗಿದಿರುವಾಗ ಒಬ್ಬರಲ್ಲಿ ಮಾತ್ರ ಬೇಕಾದಷ್ಟು ದೊರೆಯುವುದೂ ಗಮನಿಸಬೇಕಾದ ಸಂಗತಿಯೇ ಆಗಿದೆ.

6. ಎರಡನೆಯ ಹಂತ: ಕಣ್ಣಿನಿಂದ ಪರಿಶೀಲನೆ

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಒಳ್ಳೆಯ ಬೆಳಕು ಇದಕ್ಕೆ ಸಾಕು. ಚಿಪ್‌ಅನ್ನು ಬೆಳಕಿಗೆ ಓರೆಯಾಗಿ ಹಿಡಿದು ಕೆಳಕಂಡ ಅಂಶಗಳನ್ನು ನೋಡುವುದು.

(ಅ) ಮೇಲ್ಮೈ: ಉಜ್ಜಿದ ಚಿಪ್‌ನ ಮೇಲೆ ಒಂದೇ ದಿಕ್ಕಿನ ಸೂಕ್ಷ್ಮ ಗೆರೆಗಳು ಕಾಣಬಹುದು. ಉಜ್ಜಿದ ಗುರುತು ಮುಚ್ಚಲು ಕಪ್ಪು ಲೇಪನ ಹಚ್ಚಿದ್ದಲ್ಲಿ ಮೇಲ್ಭಾಗದ ಮತ್ತು ಪಕ್ಕದ ಬಣ್ಣ ಹಾಗೂ ಒರಟುತನ ಬೇರೆಬೇರೆಯಾಗಿರುತ್ತವೆ.

(ಆ) ಮೊದಲನೆಯ ಪಿನ್ನಿನ ಗುರುತು: ಅಚ್ಚಿನಲ್ಲಿ ಮೂಡಿದ ಗುಂಡಿಯ ತಳವು ನುಣುಪಾಗಿ, ಅಂಚು ಸ್ಪಷ್ಟವಾಗಿ ಇರತಕ್ಕದ್ದು. ಗುಂಡಿಯ ಆಳ ಕಡಿಮೆಯಾಗಿದ್ದಲ್ಲಿ ಅಥವಾ ಅದರೊಳಗೆ ಬಣ್ಣ ತುಂಬಿಕೊಂಡಿದ್ದಲ್ಲಿ ಮೇಲ್ಮೈಗೆ ಕೈಹಾಕಿರುವ ಸಂಭವವಿದೆ.

(ಇ) ಕಾಲುಗಳು: ಹೊಸ ಚಿಪ್‌ನ ಕಾಲುಗಳು ಒಂದೇ ಸಮತಲದಲ್ಲಿ, ಒಂದೇ ಹೊಳಪಿನಲ್ಲಿ ಇರುತ್ತವೆ. ಹಳೆಯ ಬೆಸುಗೆಯ ಉಳಿಕೆ, ಬಾಗಿಸಿ ನೇರಮಾಡಿದ ಗುರುತು ಅಥವಾ ಕಾಲಿನ ತುದಿಯವರೆಗೂ ದಪ್ಪನಾದ ತವರ ಕಂಡುಬಂದಲ್ಲಿ ಬಳಸಿದ ಚಿಪ್ ಎಂದು ಶಂಕಿಸಬಹುದು.

(ಈ) ಬರಹ: ಹೆಸರಿನ ಕೊನೆಯ ಅಕ್ಷರಗಳು ಹೊರಕವಚದ ಬಗೆಯನ್ನು ಸೂಚಿಸುತ್ತವೆ. ಎಟಿಮೆಗಾ328ಪಿ ಚಿಪ್‌ನಲ್ಲಿ ‘ಪಿಯು’ ಎಂದಿದ್ದರೆ ಎರಡು ಸಾಲಿನ 28 ಉದ್ದ ಕಾಲುಗಳ ಚಿಪ್. ‘ಎಯು’ ಎಂದಿದ್ದರೆ ನಾಲ್ಕೂ ಬದಿಯಲ್ಲಿ ಕಾಲುಗಳಿರುವ 32 ಕಾಲಿನ ಚಪ್ಪಟೆ ಚಿಪ್. ಬರಹ ಮತ್ತು ಆಕಾರ ಹೊಂದದಿದ್ದಲ್ಲಿ ಬರಹ ಸುಳ್ಳೆಂದು ತಿಳಿಯುವುದು.

(ಉ) ತಯಾರಿಕೆಯ ವಾರ: ಅನೇಕ ತಯಾರಕರು ವರ್ಷದ ಕೊನೆಯ ಎರಡು ಅಂಕಿ ಮತ್ತು ವಾರದ ಎರಡು ಅಂಕಿಗಳನ್ನು ಸೇರಿಸಿ ಮುದ್ರಿಸುತ್ತಾರೆ. 2235 ಎಂದಿದ್ದರೆ 2022ನೆಯ ವರ್ಷದ 35ನೆಯ ವಾರ. ವಾರದ ಅಂಕಿ 53ನ್ನು ಮೀರಿದ್ದಲ್ಲಿ ಅಥವಾ ಮುಂಬರುವ ದಿನಾಂಕ ಇದ್ದಲ್ಲಿ ಅದು ಸಾಧ್ಯವಿಲ್ಲದ ಬರಹ. ಒಂದೇ ತಂಡದ ಸಂಖ್ಯೆಯುಳ್ಳ ಚಿಪ್‌ಗಳ ತಳಭಾಗದ ಅಚ್ಚಿನ ಗುರುತುಗಳು ಪರಸ್ಪರ ತೀರ ಭಿನ್ನವಾಗಿದ್ದರೂ ಶಂಕಿಸಬೇಕಾಗುತ್ತದೆ.

(ಊ) ಲಾಂಛನ: ಎಟಿಮೆಗಾ ಚಿಪ್‌ಗಳ ಮೂಲ ತಯಾರಕರಾದ ಅಟ್ಮೆಲ್ ಸಂಸ್ಥೆಯನ್ನು ಮೈಕ್ರೋಚಿಪ್ ಸಂಸ್ಥೆಯು 2016ರಲ್ಲಿ ಸ್ವಾಧೀನಪಡಿಸಿಕೊಂಡಿತು. ಆದುದರಿಂದ ಲಾಂಛನವನ್ನು ತಯಾರಿಕೆಯ ವಾರದೊಂದಿಗೆ ಹೋಲಿಸಿ ನೋಡುವುದು ಸೂಕ್ತ. ಇಂತಹ ಬದಲಾವಣೆ ಒಂದೇ ದಿನದಲ್ಲಿ ಆಗುವುದಿಲ್ಲವಾದ್ದರಿಂದ ಲಾಂಛನವೊಂದನ್ನೇ ಆಧರಿಸಿ ತೀರ್ಮಾನಿಸಬಾರದು.

ಅಸಿಟೋನ್ ಪರೀಕ್ಷೆ: ಹತ್ತಿಯ ತುದಿಗೆ ಅಸಿಟೋನ್ ತಾಗಿಸಿ ಮೇಲ್ಮೈಯನ್ನು ಉಜ್ಜಿದಾಗ ಕಪ್ಪು ಲೇಪನವು ಹತ್ತಿಗೆ ಅಂಟಿಕೊಂಡು ಕೆಳಗಿನ ಉಜ್ಜಿದ ಮೇಲ್ಮೈ ಕಾಣಿಸಿದಲ್ಲಿ ಚಿಪ್‌ಗೆ ಮರುಲೇಪನ ಆಗಿದೆ ಎಂದು ತಿಳಿಯಬಹುದು. ಶಾಯಿಯಿಂದ ಮುದ್ರಿಸಿದ ಅಸಲಿ ಚಿಪ್‌ನ ಅಕ್ಷರಗಳೂ ಅಳಿಸಬಹುದಾದ್ದರಿಂದ, ಅಕ್ಷರ ಅಳಿಸಿದ ಮಾತ್ರಕ್ಕೆ ನಕಲಿ ಎನ್ನಲಾಗದು. ಇತ್ತೀಚಿನ ಕೆಲವು ಲೇಪನಗಳು ಅಸಿಟೋನ್‌ಗೆ ಕರಗದಿರುವುದರಿಂದ, ಏನೂ ಆಗದ ಮಾತ್ರಕ್ಕೆ ಅಸಲಿ ಎನ್ನಲೂ ಆಗದು. ಅಸಿಟೋನ್ ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವ ದ್ರವ. ಗಾಳಿಯಾಡುವ ಸ್ಥಳದಲ್ಲಿ, ಒಲೆ ಮತ್ತು ಬೆಸುಗೆ ಉಪಕರಣದಿಂದ ದೂರದಲ್ಲಿ, ಕೈಗವಸು ಧರಿಸಿ ಒಂದೇ ಒಂದು ಚಿಪ್‌ನ ಮೇಲೆ ಈ ಪರೀಕ್ಷೆ ನಡೆಸತಕ್ಕದ್ದು.

7. ಮೂರನೆಯ ಹಂತ: ಚಿಪ್‌ನ ಒಳಗುರುತಿನ ಪರಿಶೀಲನೆ

ಹೊರಗಿನ ಬರಹವನ್ನು ಯಾರು ಬೇಕಾದರೂ ಬದಲಿಸಬಹುದು. ಸಿಲಿಕಾನ್‌ನ ಒಳಗೆ ಬರೆದಿರುವ ಗುರುತನ್ನು ಬದಲಿಸುವುದು ಸುಲಭವಲ್ಲ. ಈ ಹಂತವನ್ನು ತಿಳಿದವರ ಸಹಾಯದಿಂದ ನಡೆಸುವುದು ಸೂಕ್ತ. ಕೆಳಗೆ ನೀಡಿರುವ ಸಂಕೇತಗಳು ಹೆಕ್ಸಾಡೆಸಿಮಲ್ ಪದ್ಧತಿಯವಾಗಿದ್ದು, ಅಲ್ಲಿ ಎ ಇಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ ಆಗಿರುತ್ತವೆ. ಗಣಕಯಂತ್ರದ ಪರದೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತವೆ.

7.1 ಎಟಿಮೆಗಾ328ಪಿ

ಆರ್ಡುಯಿನೋ ಊನೋ ಬೋರ್ಡಿನಲ್ಲಿರುವುದರಿಂದ ವಿದ್ಯಾರ್ಥಿಗಳಿಗೆ ಅತ್ಯಂತ ಪರಿಚಿತವಾದ ಚಿಪ್ ಇದಾಗಿದೆ. ಪ್ರತಿ ಚಿಪ್‌ನಲ್ಲಿಯೂ ಮೂರು ಬೈಟ್‌ಗಳ ಗುರುತು ಇರುತ್ತದೆ.

– ಎಟಿಮೆಗಾ328ಪಿ: 1ಇ 95 0ಎಫ್
– ಎಟಿಮೆಗಾ328 (ಪಿ ಇಲ್ಲದ್ದು): 1ಇ 95 14
– ಎಟಿಮೆಗಾ168: 1ಇ 94 06

ಪರಿಶೀಲನೆಯನ್ನು ಈ ಕೆಳಕಂಡ ಅನುಕ್ರಮದಲ್ಲಿಯೇ ನಡೆಸತಕ್ಕದ್ದು.

(1) ಗುರುತನ್ನು ಓದುವುದು: ಎವಿಆರ್‌ಡ್ಯೂಡ್ ತಂತ್ರಾಂಶದಿಂದ ಮೇಲ್ಕಂಡ ಗುರುತನ್ನು ಓದಬಹುದು. ಯುಎಸ್‌ಬಿ ಮೂಲಕ ಬೂಟ್‌ಲೋಡರ್‌ನಿಂದ ಓದಿದ ಗುರುತನ್ನು ನಂಬುವಂತಿಲ್ಲ. ಆರ್ಡುಯಿನೋ ಬೋರ್ಡಿನಲ್ಲಿರುವ ಆಪ್ಟಿಬೂಟ್ ಎಂಬ ಬೂಟ್‌ಲೋಡರ್ ತನ್ನೊಳಗೆ ಮೊದಲೇ ಬರೆದಿಟ್ಟ ಗುರುತನ್ನು ಹೇಳುತ್ತದೆಯೇ ಹೊರತು ಚಿಪ್‌ನ ಗುರುತನ್ನು ಓದಿ ಹೇಳುವುದಿಲ್ಲ. ಆದ್ದರಿಂದ ಐಎಸ್‌ಪಿ ಪ್ರೋಗ್ರಾಮರ್ ಮೂಲಕ ನೇರವಾಗಿ ಓದತಕ್ಕದ್ದು. ಪ್ರೋಗ್ರಾಮರ್ ಇಲ್ಲದವರು ಇನ್ನೊಂದು ಆರ್ಡುಯಿನೋ ಬೋರ್ಡನ್ನೇ ಆ ಕೆಲಸಕ್ಕೆ ಬಳಸಬಹುದು. ಗುರುತು ಹೊಂದದಿದ್ದರೂ ಮುಂದುವರಿಯುವಂತೆ ಮಾಡುವ ಆಯ್ಕೆಯನ್ನು ಬಳಸಬಾರದು.

(2) ಫ್ಯೂಸ್ ಮೌಲ್ಯ: ಕಾರ್ಖಾನೆಯಿಂದ ಬಂದ ಹೊಸ ಚಿಪ್‌ನಲ್ಲಿ ಇವು ಕ್ರಮವಾಗಿ 62 (ಕೆಳ), ಡಿ9 (ಮೇಲು) ಮತ್ತು ಎಫ್‌ಎಫ್ (ವಿಸ್ತೃತ) ಆಗಿರುತ್ತವೆ. ಬೇರೆ ಮೌಲ್ಯಗಳಿದ್ದಲ್ಲಿ ಚಿಪ್‌ಅನ್ನು ಈ ಮೊದಲೇ ಯಾರೋ ಬಳಸಿರುತ್ತಾರೆ ಅಥವಾ ಪ್ರೋಗ್ರಾಂ ಮಾಡಿರುತ್ತಾರೆ.

(3) ನೆನಪಿನ ಸ್ಥಿತಿ: ಏನನ್ನೂ ಬರೆಯುವ ಮುನ್ನ ಫ್ಲ್ಯಾಶ್ ನೆನಪನ್ನು ಓದಿ ಕಡತದಲ್ಲಿ ಉಳಿಸಿಕೊಳ್ಳುವುದು. ಹೊಸ ಚಿಪ್‌ನಲ್ಲಿ ಎಲ್ಲ ಸ್ಥಾನಗಳಲ್ಲಿಯೂ ಎಫ್‌ಎಫ್ ಇರುತ್ತದೆ. ಬೂಟ್‌ಲೋಡರ್ ಸಹಿತ ಎಂದು ಹೇಳಿ ಮಾರಿದ ಚಿಪ್‌ಗೆ ಈ ಅಂಶವೂ ಹಿಂದಿನ ಅಂಶವೂ ಅನ್ವಯಿಸುವುದಿಲ್ಲ.

(4) ನೆನಪಿನ ಪ್ರಮಾಣ: ಎಟಿಮೆಗಾ328ಪಿ ಚಿಪ್‌ನಲ್ಲಿ 32 ಕಿಲೋಬೈಟ್ ಫ್ಲ್ಯಾಶ್, 1 ಕಿಲೋಬೈಟ್ ಇಇಪ್ರಾಂ ಮತ್ತು 2 ಕಿಲೋಬೈಟ್ ರ‍್ಯಾಮ್ ಇದೆ, ಎಟಿಮೆಗಾ168ರಲ್ಲಿ ಇವೆಲ್ಲವೂ ಅರ್ಧದಷ್ಟು. ಪುನರಾವರ್ತನೆಯಾಗದ ಅಂಕಿಗಳಿಂದ ಇಡೀ 32 ಕಿಲೋಬೈಟನ್ನು ತುಂಬಿಸಿ ಮರಳಿ ಓದಿ ಹೋಲಿಸತಕ್ಕದ್ದು. ಒಂದೇ ಅಂಕಿಯನ್ನು ಎಲ್ಲೆಡೆ ಬರೆದರೆ, ಅರ್ಧ ನೆನಪಿನ ಚಿಪ್ ಮೊದಲರ್ಧವನ್ನೇ ಎರಡು ಸಲ ತೋರಿಸಿದರೂ ಪತ್ತೆಯಾಗುವುದಿಲ್ಲ.

(5) ನಿದ್ರಾಸ್ಥಿತಿಯ ವಿದ್ಯುತ್ ಪ್ರವಾಹ: ತಯಾರಕರ ಡೇಟಾಶೀಟ್ ಪ್ರಕಾರ 1.8 ವೋಲ್ಟ್‌ನಲ್ಲಿ ಸಾಮಾನ್ಯವಾಗಿ 0.1 ಮೈಕ್ರೋಆಂಪಿಯರ್. ಇದಕ್ಕಿಂತ ಅನೇಕ ಪಟ್ಟು ಹೆಚ್ಚು ಬಂದಲ್ಲಿ ಶಂಕೆಗೆ ಕಾರಣವಾಗುತ್ತದೆ. ಒಳಗಿನ ವಾಚ್‌ಡಾಗ್, ಎಡಿಸಿ ಮುಂತಾದ ಭಾಗಗಳನ್ನು ನಿಲ್ಲಿಸದಿದ್ದಲ್ಲಿ ಅಸಲಿ ಚಿಪ್ ಕೂಡ ಹೆಚ್ಚು ಪ್ರವಾಹ ತೋರಿಸುತ್ತದೆ. ಆದ್ದರಿಂದ ಅಭ್ಯಾಸವಿಲ್ಲದವರು ಈ ಪರೀಕ್ಷೆಯನ್ನು ಅವಲಂಬಿಸಬಾರದು.

7.2 ಎಸ್‌ಟಿಎಂ32ಎಫ್103ಸಿ8ಟಿ6

‘ಬ್ಲೂ ಪಿಲ್’ ಎಂಬ ನೀಲಿ ಬಣ್ಣದ ಅಗ್ಗದ ಬೋರ್ಡುಗಳಲ್ಲಿ ಈ ಚಿಪ್ ಇರುತ್ತದೆ. ಡೀಬಗ್ ಸಾಧನದಿಂದ ಓದಿದಾಗ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಸಂಸ್ಥೆಯ ಈ ಚಿಪ್ 1ಬಿಎ01477 ಎಂಬ ಸಂಕೇತವನ್ನು ನೀಡುತ್ತದೆ. ಇದರ ಹೆಸರಿನಲ್ಲಿ ಮಾರಲಾದ ಹಲವು ಬೋರ್ಡುಗಳಲ್ಲಿ 2ಬಿಎ01477 ಎಂಬ ಸಂಕೇತ ಬಂದಿದ್ದು, ಅವುಗಳಲ್ಲಿ ಅನ್ಯ ತಯಾರಕರ ಚಿಪ್ ಇದ್ದುದು ಕಂಡುಬಂದಿದೆ. ಈ ಎರಡನೆಯ ಸಂಕೇತವು ಬೇರೆ ಶ್ರೇಣಿಯ ಅಸಲಿ ಚಿಪ್‌ಗಳಲ್ಲಿಯೂ ಇರುತ್ತದೆ; ಎಫ್103 ಎಂದು ಮಾರಿದ ಚಿಪ್‌ನಲ್ಲಿ ಬಂದಾಗ ಮಾತ್ರ ಅದು ಶಂಕೆಗೆ ಆಧಾರ. ಮೊದಲನೆಯ ಸಂಕೇತವನ್ನೇ ನೀಡುವ ಅನ್ಯ ಚಿಪ್‌ಗಳೂ ಇರುವುದರಿಂದ, ಸಂಕೇತ ಸರಿಯಾಗಿದೆ ಎಂದ ಮಾತ್ರಕ್ಕೆ ಪರಿಶೀಲನೆ ನಿಲ್ಲಿಸಬಾರದು.

ಪ್ರತಿ ಚಿಪ್‌ನಲ್ಲಿಯೂ 96 ಬಿಟ್‌ಗಳ ವಿಶಿಷ್ಟ ಸಂಖ್ಯೆ ಇರುತ್ತದೆ. ಎರಡು ಚಿಪ್‌ಗಳಲ್ಲಿ ಒಂದೇ ಸಂಖ್ಯೆ ಬರುವಂತಿಲ್ಲ. ಈ ಚಿಪ್‌ನ ಘೋಷಿತ ಫ್ಲ್ಯಾಶ್ 64 ಕಿಲೋಬೈಟ್ ಆಗಿದ್ದು, ಅನೇಕ ಚಿಪ್‌ಗಳು 128 ಕಿಲೋಬೈಟ್‌ವರೆಗೆ ಸ್ಪಂದಿಸುತ್ತವೆ. ಇದನ್ನು ನಕಲಿಯ ಲಕ್ಷಣವೆಂದು ಪರಿಗಣಿಸಬೇಕಾಗಿಲ್ಲ.

8. ನಾಲ್ಕನೆಯ ಹಂತ: ಪ್ರಯೋಗಾಲಯ ಪರೀಕ್ಷೆ

ಮೇಲ್ಕಂಡ ಹಂತಗಳಲ್ಲಿ ಶಂಕೆ ದೃಢಪಟ್ಟು, ಖರೀದಿಯ ಮೊತ್ತವೂ ಹೆಚ್ಚಾಗಿದ್ದಲ್ಲಿ ಪ್ರಯೋಗಾಲಯದ ನೆರವು ಪಡೆಯಬಹುದು. ಕ್ಷ-ಕಿರಣ ಚಿತ್ರದಿಂದ ಒಳಗಿನ ತುಣುಕಿನ ಗಾತ್ರ ಮತ್ತು ತಂತಿಗಳ ಜೋಡಣೆಯನ್ನು ಅಸಲಿ ಚಿಪ್‌ನೊಂದಿಗೆ ಹೋಲಿಸಲಾಗುತ್ತದೆ. ಆಮ್ಲದಿಂದ ಹೊರಕವಚ ಕರಗಿಸಿ ಸಿಲಿಕಾನ್ ತುಣುಕಿನ ಮೇಲಿರುವ ತಯಾರಕರ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅತ್ಯಂತ ಖಚಿತವಾದ ವಿಧಾನವಾಗಿದೆ. ಇದಕ್ಕೆ ಬಳಸುವ ಹೊಗೆಯಾಡುವ ನೈಟ್ರಿಕ್ ಆಮ್ಲವು ಅತ್ಯಂತ ಅಪಾಯಕಾರಿಯಾಗಿದ್ದು, ಯಾವುದೇ ಕಾರಣಕ್ಕೂ ಮನೆಯಲ್ಲಿ ಅಥವಾ ಕಾರ್ಯಾಗಾರದಲ್ಲಿ ಪ್ರಯತ್ನಿಸಬಾರದು. ಪ್ರಯೋಗಾಲಯವನ್ನು ಆಯ್ಕೆಮಾಡುವಾಗ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಮತ್ತು ಆ ಮಾನ್ಯತೆಯು ಬೇಕಾದ ಪರೀಕ್ಷೆಗೆ ಅನ್ವಯಿಸುತ್ತದೆಯೇ ಎಂದು ಮುಂಚಿತವಾಗಿ ವಿಚಾರಿಸತಕ್ಕದ್ದು.

9. ನಕಲಿ ಎಂದು ಭಾವಿಸಬಾರದ ಸಂದರ್ಭಗಳು

ಪ್ರಾಮಾಣಿಕ ವ್ಯಾಪಾರಿಯ ಮೇಲೆ ತಪ್ಪು ಆರೋಪ ಬಾರದಂತೆ ನೋಡಿಕೊಳ್ಳುವುದೂ ಗ್ರಾಹಕರ ಹೊಣೆಯಾಗಿದೆ. ದೂರು ನೀಡುವ ಮುನ್ನ ಕೆಳಕಂಡ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

– ಹೊಸ ಎಟಿಮೆಗಾ328ಪಿ ಚಿಪ್ 1 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತದೆ. ಪ್ರೋಗ್ರಾಮರ್‌ನ ವೇಗ ಇದರ ನಾಲ್ಕನೆಯ ಒಂದು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ, ಕಡಿಮೆ ಇರದಿದ್ದಲ್ಲಿ ಅಸಲಿ ಚಿಪ್ ಕೂಡ ಉತ್ತರ ನೀಡುವುದಿಲ್ಲ.
– ಹೊರಗಿನ ಕ್ರಿಸ್ಟಲ್ ಬಳಸುವಂತೆ ಫ್ಯೂಸ್ ಹೊಂದಿಸಿದ ಚಿಪ್, ಕ್ರಿಸ್ಟಲ್ ಇಲ್ಲದೆ ಸತ್ತಂತೆ ಕಾಣುತ್ತದೆ.
– ತಂತಿಯ ಜೋಡಣೆ ತಪ್ಪಿದ್ದಲ್ಲಿ, ಅಥವಾ ವಿದ್ಯುತ್ ಪೂರೈಕೆಯ ಹಾಗೂ ನೆಲದ ಪಿನ್ನುಗಳೆಲ್ಲವನ್ನೂ ಜೋಡಿಸದಿದ್ದಲ್ಲಿ ಗುರುತು 00 00 00 ಅಥವಾ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಂದು ಬರಬಹುದು. ಇದು ಸಂಪರ್ಕದ ದೋಷವೇ ಹೊರತು ಬೇರೆ ಚಿಪ್‌ನ ಗುರುತಲ್ಲ.
– ‘328’ ಮತ್ತು ‘328ಪಿ’ ಎರಡೂ ಅಸಲಿ ಚಿಪ್‌ಗಳೇ. ಒಂದನ್ನು ಕೇಳಿ ಇನ್ನೊಂದನ್ನು ಪಡೆದಿದ್ದಲ್ಲಿ ಅದು ಸರಕು ಬದಲಾದ ಪ್ರಕರಣವಾಗುತ್ತದೆ.

ಅಧಿಕೃತ ವಿತರಕರಿಂದ ತಂದ ಒಂದು ಚಿಪ್‌ಅನ್ನು ಅದೇ ಸರ್ಕ್ಯೂಟಿನಲ್ಲಿ, ಅದೇ ತಂತಿಗಳೊಂದಿಗೆ ಪರೀಕ್ಷಿಸಿ ಫಲಿತಾಂಶಗಳನ್ನು ಹೋಲಿಸುವುದು ಎಲ್ಲಕ್ಕಿಂತ ಉತ್ತಮ ವಿಧಾನವಾಗಿದೆ. ಯಾವುದೇ ಒಂದೇ ಪರೀಕ್ಷೆಯಿಂದ ಅಂತಿಮ ತೀರ್ಮಾನಕ್ಕೆ ಬರಬಾರದು. ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಲಕ್ಷಣಗಳು ಒಂದೇ ಕಡೆ ಬೊಟ್ಟು ಮಾಡಿದಾಗ ಮಾತ್ರ ಶಂಕೆಯು ದೂರಿಗೆ ಯೋಗ್ಯವಾಗುತ್ತದೆ.

10. ಪರಿಹಾರ ಪಡೆಯುವ ವಿಧಾನ

(1) ಮಾರಾಟಗಾರರಿಗೆ ಲಿಖಿತ ಮನವಿ: ಬಿಲ್ಲಿನ ಸಂಖ್ಯೆ, ಕಂಡುಬಂದ ಲಕ್ಷಣಗಳು ಮತ್ತು ಕೋರುವ ಪರಿಹಾರವನ್ನು ನಮೂದಿಸಿ ಪತ್ರ ಅಥವಾ ಇ-ಮೇಲ್ ಕಳುಹಿಸುವುದು. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಕಾಯಿದೆಯ ಕಲಂ 2(47)ರಂತೆ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಆದುದರಿಂದ ಚಿಪ್ ಕೈಸೇರಿದ ಕೂಡಲೇ ಪರಿಶೀಲಿಸುವುದು ಗ್ರಾಹಕರ ಹಿತದಲ್ಲಿಯೇ ಇದೆ.

(2) ಅಂತರ್ಜಾಲ ಖರೀದಿ: ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಮೇರೆಗೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕೃತಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು.

(3) ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬಹುದು. ಇದು ವ್ಯಾಜ್ಯಕ್ಕೆ ಮುಂಚಿನ ಹಂತವಾಗಿದೆ.

(4) ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ: ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದ ದೂರುಗಳನ್ನು ಇಲ್ಲಿ ಸಲ್ಲಿಸತಕ್ಕದ್ದು. ಮೊತ್ತವು 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ. ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಅಂಗಡಿಯಿರುವ ಊರಿಗೆ ಅಲೆಯಬೇಕಾಗಿಲ್ಲ. 2025ರ ಜನವರಿಯಿಂದ ಜಾರಿಯಲ್ಲಿರುವ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ವ್ಯಾಜ್ಯ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗತಕ್ಕದ್ದು.

ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದ ಪ್ರಕರಣಗಳಲ್ಲಿ ಆಯೋಗವು ಕಲಂ 38ರಂತೆ ದೂರುದಾರರಿಂದ ಮಾದರಿ ಪಡೆದು, ಮೊಹರು ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಪರೀಕ್ಷಾ ಶುಲ್ಕವನ್ನು ಮೊದಲು ದೂರುದಾರರು ಪಾವತಿಸಬೇಕಾಗಬಹುದು. ಬಳಸದ ಚಿಪ್‌ಗಳನ್ನು ಉಳಿಸಿಕೊಳ್ಳಬೇಕೆಂದು 4ನೆಯ ಭಾಗದಲ್ಲಿ ತಿಳಿಸಿರುವುದು ಈ ಕಾರಣಕ್ಕಾಗಿಯೇ.

(5) ವ್ಯಾಪಾರಕ್ಕಾಗಿ ಖರೀದಿಸಿದವರು: ಮರುಮಾರಾಟ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಖರೀದಿಸಿದವರು ಸದರಿ ಕಾಯಿದೆಯಂತೆ ಗ್ರಾಹಕರಾಗುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಖರೀದಿಸಿ ಬಳಸುವ ರಿಪೇರಿ ಕೆಲಸಗಾರರಂತಹವರಿಗೆ ರಕ್ಷಣೆ ಇದೆ. ಇತರರಿಗೆ ಸರಕು ಮಾರಾಟ ಕಾಯಿದೆ, 1930 ಅನ್ವಯಿಸುತ್ತದೆ. ಅದರ ಕಲಂ 15ರಂತೆ ವಿವರಣೆ ನೀಡಿ ಮಾರಿದ ಸರಕು ಆ ವಿವರಣೆಗೆ ಹೊಂದತಕ್ಕದ್ದು. ಕಲಂ 42ರಂತೆ, ತಿರಸ್ಕಾರ ತಿಳಿಸದೆ ಯುಕ್ತ ಅವಧಿ ಮೀರಿ ಸರಕನ್ನು ಇಟ್ಟುಕೊಂಡಲ್ಲಿ ಅದನ್ನು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಘಟಕಗಳು ಬಂದ ಸರಕಿನಿಂದ ಕೆಲವನ್ನು ಕೂಡಲೇ ಪರೀಕ್ಷಿಸಿ, ದೋಷವಿದ್ದಲ್ಲಿ ಲಿಖಿತವಾಗಿ ತಿಳಿಸತಕ್ಕದ್ದು.

11. ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

– ಬಿಲ್ಲು ಅಥವಾ ಹಣ ಪಾವತಿಯ ಪುರಾವೆ
– ಮಾರಾಟದ ಜಾಹೀರಾತು ಅಥವಾ ಜಾಲಪುಟದ ಪ್ರತಿ (ತೆಗೆದುಹಾಕುವ ಮುನ್ನ ಉಳಿಸಿಕೊಂಡದ್ದು)
– ಲಕೋಟೆ ಮತ್ತು ಚಿಪ್‌ನ ಛಾಯಾಚಿತ್ರಗಳು
– ಪರಿಶೀಲನೆಯ ದಿನಾಂಕ, ಬಳಸಿದ ಸಾಧನ ಮತ್ತು ಬಂದ ಫಲಿತಾಂಶದ ಟಿಪ್ಪಣಿ. ಅಸಲಿ ಚಿಪ್‌ನ ಫಲಿತಾಂಶದೊಂದಿಗೆ ಹೋಲಿಕೆ
– ಮಾರಾಟಗಾರರಿಗೆ ಬರೆದ ಪತ್ರ ಹಾಗೂ ಅವರ ಉತ್ತರ
– ಬಳಸದೆ ಉಳಿಸಿದ ಚಿಪ್‌ಗಳ ಸಂಖ್ಯೆಯ ವಿವರ (ಚಿಪ್‌ಗಳನ್ನು ಆಯೋಗವು ಕೇಳಿದಾಗ ಮಾತ್ರ ಹಾಜರುಪಡಿಸುವುದು)

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿಪ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೂ ದೂರು ನೀಡಬಹುದೇ?
ಉತ್ತರ: ನೀಡಬಹುದು. ಅಸಲಿ ಎಂದು ಸುಳ್ಳು ಹೇಳಿ ಮಾರಿದ್ದೇ ಕಾಯಿದೆಯ ವಿಷಯ, ಚಿಪ್ ಕೆಟ್ಟಿರಲೇಬೇಕೆಂದಿಲ್ಲ.

ಪ್ರಶ್ನೆ: ಒಂದೇ ಚಿಪ್ ಖರೀದಿಸಿದ್ದು, ಅದನ್ನು ಈಗಾಗಲೇ ಬೋರ್ಡಿಗೆ ಬೆಸೆದಿದ್ದೇನೆ. ಏನು ಮಾಡಬೇಕು?
ಉತ್ತರ: ಕೀಳಬಾರದು. ಕೀಳುವಾಗ ಆಗುವ ಗುರುತುಗಳು ಮೊದಲೇ ಇದ್ದವೆಂದು ಹೇಳಲು ಸಾಧ್ಯವಾಗುವುದಿಲ್ಲ. ಬೋರ್ಡಿನ ಮೇಲೆಯೇ ಗುರುತನ್ನು ಓದಿ, ಫಲಿತಾಂಶವನ್ನು ಉಳಿಸಿಕೊಳ್ಳುವುದು.

ಪ್ರಶ್ನೆ: ಅಂಗಡಿಯವರು ತಮಗೂ ತಿಳಿದಿರಲಿಲ್ಲ ಎನ್ನುತ್ತಾರೆ.
ಉತ್ತರ: ಅದು ನಿಜವಿರಬಹುದು. ಅವರೂ ಮೋಸಹೋಗಿರಬಹುದು. ಆದರೆ ಹಣ ಪಡೆದು ಮಾರಿದವರು ಅವರೇ ಆದ್ದರಿಂದ ಗ್ರಾಹಕರು ಅವರಲ್ಲಿಯೇ ಪರಿಹಾರ ಕೇಳಬಹುದು. ಅವರು ತಮಗೆ ಸರಬರಾಜು ಮಾಡಿದವರಿಂದ ಪಡೆದುಕೊಳ್ಳಲು ಸ್ವತಂತ್ರರು.

ಪ್ರಶ್ನೆ: ನಕಲಿ ಎಂದು ತಿಳಿದ ಚಿಪ್‌ಗಳನ್ನು ಬೇರೆಯವರಿಗೆ ಕಡಿಮೆ ಬೆಲೆಗೆ ಮಾರಬಹುದೇ?
ಉತ್ತರ: ಮಾರಬಾರದು. ನಕಲಿ ಎಂದು ತಿಳಿದೂ ಅಸಲಿಯ ಹೆಸರಿನಲ್ಲಿ ಮಾರಿದವರು ತಾವೇ ಹೊಣೆಗಾರರಾಗುತ್ತಾರೆ.

13. ಸೂಚನೆ

ಇಲ್ಲಿ ನೀಡಿರುವ ವಿವರಗಳು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ಮಾತ್ರ. ಕಾಯಿದೆ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಚಿಪ್ ಖರೀದಿಸುವ ದಿನವೇ ಪೂರ್ಣ ಹೆಸರುಳ್ಳ ಬಿಲ್ಲನ್ನು ಪಡೆದು, ಬಳಸದ ಒಂದು ಚಿಪ್‌ಅನ್ನು ಲಕೋಟೆಯಲ್ಲಿ ಉಳಿಸಿಕೊಳ್ಳುವಂತೆ ಗ್ರಾಹಕರನ್ನು ಕೋರಲಾಗಿದೆ.